ವತನದಿಂದ ವಯೋನಿವೃತ್ತಿಗೆ: ಬೈಲಹೊಂಗಲ–ಸವದತ್ತಿ ಸೀಮೆಯಲ್ಲಿ ಚಾಕರಿ ಬಿಡುವ ಕಾಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಊರ ಚಾಕರಿಯಿಂದ ಯಾವಾಗ ಇಳಿಯಬೇಕೆಂಬುದನ್ನು ವಯಸ್ಸು ನಿರ್ಧರಿಸತೊಡಗಿದ್ದು ತೀರ ಈಚೆಗೆ. ಅದಕ್ಕೂ ಮೊದಲು ಹಳ್ಳಿಯ ಆಡಳಿತ ನಿಂತಿದ್ದುದು ವತನದ ಮೇಲೆ. ವತನವೆಂದರೆ ತಲೆತಲಾಂತರದ ಸೇವೆಗೆ ಪ್ರತಿಯಾಗಿ ಒಂದು ಮನೆತನ ಅನುಭವಿಸಿಕೊಂಡು ಬಂದ ಭೂಮಿ, ಹಕ್ಕು ಮತ್ತು ಮಾನ. ಗೌಡ ಕರ ವಸೂಲಿ ಮಾಡಿ ಊರಿನ ಶಾಂತಿ ಕಾಯುತ್ತಿದ್ದ, ಕುಲಕರ್ಣಿ ಲೆಕ್ಕ ಬರೆಯುತ್ತಿದ್ದ, ತಳವಾರ ಮತ್ತು ವಾಲಿಕಾರರು ಕಾವಲು ಹಾಗೂ ಓಡಾಟದ ಕೆಲಸ ನೋಡಿಕೊಳ್ಳುತ್ತಿದ್ದರು. ಸಂಬಳವೇ ಹೊಲವಾಗಿದ್ದು, ಆ ಹೊಲ ವ್ಯಕ್ತಿಯದಲ್ಲದೆ ಮನೆತನದ್ದಾಗಿದ್ದುದರಿಂದ, ತಂದೆಯ ಕಣ್ಣು ಮಂಜಾದಾಗ ಮಗನೋ ತಮ್ಮನೋ ಅವನ ಜಾಗಕ್ಕೆ ಬರುತ್ತಿದ್ದರು. ಮಾಡುವವನು ಬದಲಾಗುತ್ತಿದ್ದ, ಚಾಕರಿ ಮಾತ್ರ ಆ ಮನೆಯನ್ನು ಬಿಡುತ್ತಿರಲಿಲ್ಲ.

ಈ ಭೂಮಿ ಮತ್ತು ಸೇವೆಯ ನಂಟು ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಬೈಲಹೊಂಗಲ ತಾಲೂಕಿನ ಸಂಗೊಳ್ಳಿ ರಾಯಣ್ಣನ ಬದುಕೇ ಸಾಕ್ಷಿ. ಅವನು ಶೇತಸನದಿ, ಅಂದರೆ ಸನದಿನ ಮೂಲಕ ಪಡೆದ ಹೊಲಕ್ಕೆ ಬದಲಾಗಿ ಕಾವಲು ಮತ್ತು ದಂಡಿನ ಸೇವೆ ಮಾಡುವವನಾಗಿದ್ದ. 1824ರಲ್ಲಿ ಕಿತ್ತೂರು ಬಿದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲಿಯೇ ತೀರಿಕೊಂಡರು. ಕಂಪನಿ ಸರಕಾರ ರಾಯಣ್ಣನ ಹೊಲದ ಬಹುಭಾಗವನ್ನು ಕಸಿದುಕೊಂಡು ಉಳಿದುದರ ಮೇಲೆ ಕರ ಹೆಚ್ಚಿಸಿದಾಗ, ಅವನ ಪಾಲಿಗೆ ಅದು ಜಮೀನಿನ ನಷ್ಟವಷ್ಟೇ ಆಗಿರದೆ ಹಿರಿಯರಿಂದ ಬಂದ ಸೇವೆಯ ಋಣವನ್ನೇ ಕಡಿದುಹಾಕಿದಂತಾಗಿತ್ತು. ಒಡೆಯರಿಲ್ಲದ ಮೇಲೂ ಸೇವೆ ಮುಗಿಯಿತೆಂದು ಒಪ್ಪದೆ ಬಂಡೆದ್ದ ಅವನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಸೇವೆಯಿಂದ ಬಿಡುಗಡೆ ಎಂಬ ಮಾತು ಈ ಭಾಗದ ಕಾಗದಪತ್ರಗಳಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಕಾಣುವುದು 1864ರ ಗಾರ್ಡನ್ ಒಪ್ಪಂದದಲ್ಲಿ. ಪರಗಣೆ, ಅಂದರೆ ಹಲವು ಹಳ್ಳಿಗಳ ಗುಂಪಿನ ಮೇಲ್ವಿಚಾರಣೆ ನಡೆಸುತ್ತಿದ್ದ ದೇಸಾಯಿ ಮತ್ತು ದೇಶಪಾಂಡೆ ಮನೆತನಗಳ ಸೇವೆ ಬ್ರಿಟಿಷರಿಗೆ ಬೇಡವಾಗಿದ್ದರಿಂದ, ವರ್ಷಕ್ಕಿಷ್ಟು ‘ಜೂಡಿ’ ಎಂಬ ಹಣ ಕಟ್ಟಿಸಿಕೊಂಡು ಭೂಮಿಯನ್ನು ಅವರಲ್ಲೇ ಉಳಿಸಿ ಸೇವೆಯನ್ನು ಶಾಶ್ವತವಾಗಿ ಮಾಫಿ ಮಾಡಲಾಯಿತು. ಹೀಗೆ ಇಡೀ ಮನೆತನಗಳೇ, ವಯಸ್ಸಿನ ಮಾತಿಲ್ಲದೆ, ಹುಟ್ಟಲಿರುವ ಮಕ್ಕಳೂ ಸೇರಿದಂತೆ ನಿವೃತ್ತವಾದವು. ಊರ ಮಟ್ಟದ ಗೌಡಕಿ, ಕುಲಕರ್ಣಿಕೆಗಳಾದರೋ 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯಡಿ ಮುಂದುವರಿದವು.

ಸೇವೆ ಹೋಗಿ ಭೂಮಿ ಉಳಿದ ಇಂಥ ಮನೆತನಗಳಲ್ಲಿ ಒಂದಾದ ಸವದತ್ತಿ ತಾಲೂಕಿನ ಶಿರಸಂಗಿ ದೇಸಗತಿ ತೋರಿದ ದಾರಿ ಅಪೂರ್ವವಾದದ್ದು. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಉಯಿಲಿನ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟರು. ಅದರ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಒಂದು ಕಾಲದಲ್ಲಿ ವಂಶದ ಅಧಿಕಾರವನ್ನು ಸಾಕಿದ್ದ ಹೊಲಗಳ ಹುಟ್ಟುವಳಿ ಈಗ ಓದುವ ಹುಡುಗರ ಶುಲ್ಕವಾಯಿತು. ಓದಿದವರಿಗೆ ತೆರೆದುಕೊಂಡದ್ದು, ಹುಟ್ಟಿನಿಂದ ಬಾರದ, ಗೊತ್ತಾದ ದಿನಕ್ಕೆ ಮುಗಿಯುವ ಸಂಬಳದ ನೌಕರಿಯ ಬಾಗಿಲು.

ವತನದ ಕೊನೆ ಸ್ವಾತಂತ್ರ್ಯದೊಂದಿಗೆ ಬಂತು. ಭಾವೆ ಮನೆತನದ ರಾಮದುರ್ಗ ಸಂಸ್ಥಾನ 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಅಲ್ಲಿನ ಕಾಯ್ದೆಗಳ ವ್ಯಾಪ್ತಿಗೆ ಬಂತು. ಮುಂಬಯಿಯ 1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದುಮಾಡಿದ್ದರಿಂದ, ಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಕಾಪಾಡಿಕೊಂಡು ಬಂದಿದ್ದ ದಫ್ತರಗಳು ತಂದೆಯ ಕೈಯಿಂದ ಮಗನ ಕೈಗೆ ಹೋಗುವುದು ನಿಂತು, ಸಂಬಳದ ತಲಾಠಿಯ ವಶಕ್ಕೆ ಬಂದವು. ಉಳಿದ ಗ್ರಾಮ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಕೊನೆಗಾಣಿಸಿ, ಭೂಮಿಯನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡುವ ವ್ಯವಸ್ಥೆ ತಂದಿತು. ಗೌಡಕಿ ಹೋದುದನ್ನು ಕಳೆದುಕೊಂಡ ಮಾನವೆಂದು ಎಣಿಸಿದವರಿದ್ದರೂ, ತಳವಾರನ ಮಗ ತಳವಾರನೇ ಆಗಬೇಕೆಂಬ ಕಟ್ಟು ಸಡಿಲಿದ್ದು ಈ ಇತಿಹಾಸದ ಅತಿ ದೊಡ್ಡ ಗಳಿಕೆ.

ಹೊಸ ವ್ಯವಸ್ಥೆಯಲ್ಲಿ ವಯೋನಿವೃತ್ತಿ ಮೊದಲು 55ಕ್ಕೆ, ಮುಂದೆ 58ಕ್ಕೆ, 2008ರಿಂದ 60ಕ್ಕೆ ನಿಗದಿಯಾಯಿತು. ಆದರೆ ಆ ವಯಸ್ಸನ್ನು ಎಣಿಸಲು ಆಧಾರವಾದದ್ದು ಶಾಲೆಯ ದಾಖಲಾತಿ ಪುಸ್ತಕ. ಹುಟ್ಟಿದ ತಾರೀಖು ಹೇಳಲಾಗದೆ, ‘ಸುಗ್ಗಿ ಕಾಲಕ್ಕ ಹುಟ್ಯಾನ್ರೀ’ ಎನ್ನುತ್ತಿದ್ದ ಪಾಲಕರ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದುಬಿಡುವುದು ಕರ್ನಾಟಕದುದ್ದಕ್ಕೂ ರೂಢಿಯಾಗಿತ್ತು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ, ಮೇ 31ರಂದು ಹಾರ ತುರಾಯಿಗಳ ಬೀಳ್ಕೊಡುಗೆ ಕಚೇರಿ ಕಚೇರಿಯಲ್ಲೂ ಒಟ್ಟಿಗೇ ನಡೆಯತೊಡಗಿತು. ಅವರ ನಿವೃತ್ತಿಯ ದಿನ ಆರನೆಯ ವಯಸ್ಸಿನಲ್ಲೇ, ಮಾಸ್ತರರ ಲೇಖನಿಯಿಂದ ನಿಶ್ಚಯವಾಗಿತ್ತು.

ಚಾಕರಿ ಬಿಡುವ ಕಾಲವನ್ನು ನೌಕರನೇ ಆರಿಸಿಕೊಳ್ಳುವ ಅವಕಾಶ ಬಂದದ್ದು ಸ್ವಯಂ ನಿವೃತ್ತಿಯ ನಿಯಮದಿಂದ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆ ಆಧಾರಿತ ಪಿಂಚಣಿ ಬಂದಿರುವುದರಿಂದ, ಆ ಆಯ್ಕೆಯೂ ಕೂಡಿಟ್ಟ ಹಣದ ಲೆಕ್ಕಕ್ಕೆ ಕಟ್ಟುಬಿದ್ದಿದೆ. ವತನವೂ ಸಂಬಳವೂ ಇಲ್ಲದ ರಾಮದುರ್ಗದ ನೇಕಾರನಿಗೆ, ಸವದತ್ತಿಯ ಎರಿಹೊಲದ ಕೂಲಿಯವಳಿಗೆ ಇಂಥ ದಿನವನ್ನು ಯಾರೂ ಬರೆದಿಡಲಿಲ್ಲ. 65 ದಾಟಿದ ಬಡವರಿಗೆ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ ಕೈಗೆ ಬಂದ ಮೇಲೂ ಅವರ ಮಗ್ಗ, ಕುಡುಗೋಲುಗಳು ಕೆಳಗಿಳಿಯುವುದು ಮೈಯಲ್ಲಿ ಕಸುವು ಉಡುಗಿದಾಗಲೇ. ವತನ ಮುಗಿದರೂ, ದುಡಿದ ಕೈಗೆ ವಿಶ್ರಾಂತಿಯ ಹಕ್ಕು ಒದಗಿಸುವ ಕೆಲಸ ಈ ಸೀಮೆಯಲ್ಲಿ ಇನ್ನೂ ಅರ್ಧದಲ್ಲೇ ಇದೆ.