ಮೈದಾನದೊಳಗಿನ ಮರ

ಕ್ಯಾಂಟರ್ಬರಿಯ ಕ್ರಿಕೆಟ್ ಮೈದಾನದಲ್ಲಿ, ಬೌಂಡರಿ ಗೆರೆಯ ಒಳಗೇ, ಒಂದು ಲೈಮ್ ಮರವಿತ್ತು (ನಮ್ಮ ನಿಂಬೆಯಲ್ಲ). ಚೆಂಡು ತಗುಲಿದರೆ ನಾಲ್ಕು ರನ್. ಮರವನ್ನು ಕಡಿಯದೆ ನಿಯಮವನ್ನೇ ಬಾಗಿಸಿದ ಆ ಕೌಂಟಿ ಕ್ರಿಕೆಟ್ಟಿಗಾಗಿ ಹಂಬಲಿಸುವವರು ಇಂದಿಗೂ ಉಂಟು. ನಮ್ಮ ರಾಹುಲ್ ದ್ರಾವಿಡ್ 2000ನೆಯ ಇಸವಿಯಲ್ಲಿ ಕೆಂಟ್ ಪರ ಆಡಿದಾಗಲೂ ಅದು ನಿಂತಿತ್ತು.

ಆದರೆ ಹಂಬಲಕ್ಕೂ ಲೆಕ್ಕ ಬೇಕಷ್ಟೆ. ಆ ಕಾಲದಲ್ಲಿ ಹವ್ಯಾಸಿ ‘ಜಂಟಲ್‌ಮನ್’ಗೂ ಸಂಬಳದ ‘ಪ್ಲೇಯರ್’ಗೂ ಬೇರೆ ಬೇರೆ ಬಾಗಿಲು! 1950ರಲ್ಲಿ ಲಾರ್ಡ್ಸ್‌ನಲ್ಲಿ, ವೃತ್ತಿ ಆಟಗಾರ ಟಿಟ್ಮಸ್‌ನ ಇನಿಷಿಯಲ್ಸ್ ಹೆಸರಿಗೆ ಮೊದಲು ಅಚ್ಚಾದುವೆಂದು, ಅವು ಹೆಸರಾದ ಮೇಲೆ ಬರತಕ್ಕವೆಂದು, ಧ್ವನಿವರ್ಧಕದಲ್ಲಿ ತಿದ್ದುಪಡಿ ಸಾರಿದರಂತೆ. 1962ರ ಕೊನೆಗೆ ಆ ಭೇದ ಅಳಿಯಿತು. ಮರುವರ್ಷವೇ ಒಂದು ದಿನದ ಜಿಲೆಟ್ ಕಪ್; 2003ರಲ್ಲಿ ಇಪ್ಪತ್ತು ಓವರಿನ ಆಟ.

ಮರ 2005ರ ಜನವರಿಯ ಬಿರುಗಾಳಿಗೆ ಉರುಳಿತು. ಅದೇ ವರ್ಷ ಎಳೆಯದೊಂದನ್ನು ನೆಟ್ಟರು.