ಯೂಟ್ ಟ್ರೇ ಮತ್ತು ಕ್ಯಾನೊಪಿ

ಯೂಟ್ ಟ್ರೇ ಮತ್ತು ಕ್ಯಾನೊಪಿ ಎಂಬುದು ಆಸ್ಟ್ರೇಲಿಯಾದಲ್ಲಿ ದೂರಪ್ರವಾಸ ಹಾಗೂ ಶಿಬಿರವಾಸಕ್ಕಾಗಿ ಪಿಕಪ್ ವಾಹನದ ಹಿಂಭಾಗದಲ್ಲಿ ನಿರ್ಮಿಸಿಕೊಳ್ಳುವ ವ್ಯವಸ್ಥೆಯಾಗಿದೆ. ಚಾಸಿಯ ಮೇಲೆ ಕೂರಿಸುವ ಸಮತಟ್ಟಾದ ವೇದಿಕೆಗೆ ಟ್ರೇ ಎಂದೂ, ಅದರ ಮೇಲೆ ನಿಲ್ಲಿಸುವ, ಪಕ್ಕಗಳಿಂದ ಬಾಗಿಲು ತೆರೆಯುವ, ಬೀಗ ಹಾಕಬಹುದಾದ ಪೆಟ್ಟಿಗೆಗೆ ಕ್ಯಾನೊಪಿ ಎಂದೂ ಹೆಸರು. ಕಾರ್ಖಾನೆಯಿಂದ ಬಂದ ತೊಟ್ಟಿಯಾಕಾರದ ಹಿಂಭಾಗಕ್ಕೆ ಮುಚ್ಚುವ ಫೈಬರ್ ಗ್ಲಾಸ್ ಹೊದಿಕೆಯನ್ನೂ ಅಲ್ಲಿ ಕ್ಯಾನೊಪಿ ಎಂದೇ ಕರೆಯುತ್ತಾರೆ. ಈ ಲೇಖನವು ಟ್ರೇಯ ಮೇಲಿನ ಪೆಟ್ಟಿಗೆಗೆ ಸಂಬಂಧಿಸಿದ್ದು. ತೊಟ್ಟಿಯೊಳಗೆ ಚಕ್ರದ ಉಬ್ಬುಗಳು ಜಾಗ ತಿನ್ನುತ್ತವೆ. ಟ್ರೇ ಚಕ್ರಗಳಿಗಿಂತ ಮೇಲಿರುವುದರಿಂದ ಅದರ ಪೂರ್ತಿ ಅಗಲ ಬಳಕೆಗೆ ದೊರೆಯುತ್ತದೆ, ಮತ್ತು ನೆಲದ ಮೇಲೆ ನಿಂತೇ ಎರಡೂ ಬದಿಗಳಿಂದ ಸಾಮಾನುಗಳನ್ನು ತೆಗೆಯಬಹುದು.

ಹಿನ್ನೆಲೆ

'ಯೂಟ್' ಎಂಬುದು 'ಯುಟಿಲಿಟಿ' ಪದದ ಸಂಕ್ಷಿಪ್ತ ರೂಪ. ವಿಕ್ಟೋರಿಯಾ ರಾಜ್ಯದ ಜಿಲಾಂಗ್ ನಗರದಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ ಲೂಯಿಸ್ ಬ್ಯಾಂಟ್ ರೂಪಿಸಿದ ಕೂಪೆ ಯುಟಿಲಿಟಿ 1934ರಲ್ಲಿ ಮಾರುಕಟ್ಟೆಗೆ ಬಂದಿತು. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಮಾರುಕಟ್ಟೆಗೆ ಸಾಗಿಸಲೂ ಒದಗುವ ಒಂದೇ ವಾಹನ ಬೇಕೆಂದು ರೈತನ ಪತ್ನಿಯೊಬ್ಬರು ಕಂಪನಿಗೆ ಪತ್ರ ಬರೆದರೆಂಬ ಕಥೆ ಇದರ ಹುಟ್ಟಿನೊಂದಿಗೆ ಸೇರಿಕೊಂಡಿದೆ. ಫೋರ್ಡ್ ಫಾಲ್ಕನ್ ಯೂಟ್‌ನ ತಯಾರಿಕೆ 2016ರಲ್ಲಿ ನಿಂತಿತು. ಮರುವರ್ಷ ಹೋಲ್ಡನ್ ಯೂಟ್ ಕೂಡ ನಿಂತಿತು. ಈಗ ಪ್ರವಾಸಕ್ಕೆ ಬಳಕೆಯಾಗುವವು ಬಹುಮಟ್ಟಿಗೆ ಟೊಯೋಟಾ ಹೈಲಕ್ಸ್, ಫೋರ್ಡ್ ರೇಂಜರ್, ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಲ್ಯಾಂಡ್‌ಕ್ರೂಸರ್ 79 ಮೊದಲಾದ ಆಮದು ವಾಹನಗಳು. ಸುಮಾರು 660 ಕಿ.ಮೀ. ಉದ್ದದ ಗಿಬ್ ರಿವರ್ ರಸ್ತೆ, ಸುಮಾರು 1,850 ಕಿ.ಮೀ. ಉದ್ದದ ಕ್ಯಾನಿಂಗ್ ಸ್ಟಾಕ್ ರೂಟ್‌ನಂತಹ ಹಾದಿಗಳಲ್ಲಿ ನೀರು, ಇಂಧನ, ಆಹಾರ, ಹಾಸಿಗೆ ಎಲ್ಲವನ್ನೂ ಜೊತೆಗೆ ಒಯ್ಯಬೇಕಾಗುವುದೇ ಇಂತಹ ನಿರ್ಮಾಣಗಳಿಗೆ ಮೂಲ ಕಾರಣ.

ತೂಕದ ಲೆಕ್ಕಾಚಾರ

ಟ್ರೇ ಮತ್ತು ಕ್ಯಾನೊಪಿಯ ನಿರ್ಮಾಣದಲ್ಲಿ ಬೀರುಗಳ ಜೋಡಣೆಗಿಂತಲೂ ಮೊದಲು ಇತ್ಯರ್ಥವಾಗಬೇಕಾದದ್ದು ತೂಕ. ಪ್ರತಿ ವಾಹನಕ್ಕೂ ತಯಾರಕರು ನಿಗದಿಪಡಿಸಿದ ಗರಿಷ್ಠ ಒಟ್ಟು ತೂಕವೊಂದಿರುತ್ತದೆ. ಇದನ್ನು ಜಿವಿಎಂ ಎನ್ನುತ್ತಾರೆ. ವಾಹನದ ಸ್ವಂತ ತೂಕವನ್ನು ಇದರಿಂದ ಕಳೆದರೆ ಉಳಿಯುವುದು ಭಾರಸಾಮರ್ಥ್ಯ. ಚಾಸಿ ಮತ್ತು ಚಾಲಕನ ಕೋಣೆಯಷ್ಟನ್ನೇ ಕೊಂಡಾಗ ಜಾಹೀರಾತಿನಲ್ಲಿ ಕಾಣುವ ಸಾಮರ್ಥ್ಯದೊಳಗೆ ಟ್ರೇಯ ತೂಕವೂ ಸೇರಬೇಕಾಗುತ್ತದೆ ಎಂಬುದನ್ನು ಖರೀದಿದಾರರು ಹಲವು ವೇಳೆ ಗಮನಿಸುವುದಿಲ್ಲ.

ಉದಾಹರಣೆಗೆ, 3,050 ಕೆ.ಜಿ. ಜಿವಿಎಂ ಇರುವ ವಾಹನದ ಸ್ವಂತ ತೂಕ 2,050 ಕೆ.ಜಿ. ಎಂದಿಟ್ಟುಕೊಳ್ಳೋಣ. ಉಳಿಯುವುದು 1,000 ಕೆ.ಜಿ. ಟ್ರೇ ಮತ್ತು ಕ್ಯಾನೊಪಿಗೆ 300, ಫ್ರಿಜ್, ಬ್ಯಾಟರಿ, ಸೆಳೆಖಾನೆ ಮತ್ತು ಅಡುಗೆ ಸಲಕರಣೆಗಳಿಗೆ 150, ಮುಂಭಾಗದ ರಕ್ಷಣಾ ಸರಳು ಮತ್ತು ವಿಂಚ್‌ಗೆ 100, ಛಾವಣಿಯ ಡೇರೆಗೆ 70, 80 ಲೀಟರ್ ನೀರಿಗೆ 80, ಇಬ್ಬರು ಪ್ರಯಾಣಿಕರಿಗೆ 160 ಕೆ.ಜಿ. ಹಿಡಿದರೆ ಒಟ್ಟು 860 ಆಗುತ್ತದೆ. ಆಹಾರ, ಬಟ್ಟೆ, ಉಪಕರಣ, ಹೆಚ್ಚುವರಿ ಇಂಧನಕ್ಕೆ ಉಳಿದದ್ದು 140 ಕೆ.ಜಿ. ಮಾತ್ರ. ಇದೇ ವಾಹನಕ್ಕೆ ಕ್ಯಾರವಾನ್ ಜೋಡಿಸಿ ಕೊಂಡಿಯ ಮೇಲೆ 250 ಕೆ.ಜಿ. ಭಾರ ಬಿದ್ದರೆ, ಒಂದು ಚೀಲ ಅಕ್ಕಿ ಇಡುವ ಮೊದಲೇ ಮಿತಿಯನ್ನು 110 ಕೆ.ಜಿ. ಮೀರಿದಂತಾಯಿತು. ಎಳೆಯುವ ಸಾಮರ್ಥ್ಯ 3,500 ಕೆ.ಜಿ. ಎಂದು ಕೈಪಿಡಿಯಲ್ಲಿ ಬರೆದಿರುವುದು ಇಲ್ಲಿ ನೆರವಿಗೆ ಬರುವುದಿಲ್ಲ. ಕೊಂಡಿಯ ಭಾರವು ಎಳೆಯುವ ವಾಹನದ ಜಿವಿಎಂ ಒಳಗೇ ಎಣಿಕೆಯಾಗುತ್ತದೆ.

ಒಟ್ಟು ತೂಕದಷ್ಟೇ ಅದು ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರವು ಸನ್ನೆಕೋಲಿನಂತೆ ವರ್ತಿಸುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅಂತರ 3.1 ಮೀಟರ್ ಇರುವ ವಾಹನದಲ್ಲಿ, ಹಿಂದಿನ ಆಕ್ಸಲ್‌ನಿಂದ 1.24 ಮೀಟರ್ ಹಿಂದಕ್ಕೆ 350 ಕೆ.ಜಿ. ಹೇರಿದರೆ ಹಿಂದಿನ ಆಕ್ಸಲ್ ಮೇಲೆ 490 ಕೆ.ಜಿ. ಬೀಳುತ್ತದೆ, ಮುಂದಿನ ಆಕ್ಸಲ್ 140 ಕೆ.ಜಿ. ಹಗುರಾಗುತ್ತದೆ. ಮುಂಚಕ್ರಗಳು ಹಗುರಾದಷ್ಟೂ ತಿರುಗಿಸುವ ಮತ್ತು ಬ್ರೇಕ್ ಹಿಡಿಯುವ ಶಕ್ತಿ ಕುಂದುತ್ತದೆ. ಜಿವಿಎಂ ಮೀರದಿದ್ದರೂ ಹಿಂದಿನ ಆಕ್ಸಲ್‌ನ ಪ್ರತ್ಯೇಕ ಮಿತಿ ಮೀರಿರುವ ಸಾಧ್ಯತೆ ಇರುವುದರಿಂದ, ಪೂರ್ತಿ ಹೇರಿದ ವಾಹನವನ್ನು ವೇಬ್ರಿಜ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಬೇರೆಬೇರೆಯಾಗಿ ತೂಗಿಸುವುದು ಸೂಕ್ತ.

ಚಾಸಿ ಬಾಗುವಿಕೆ

ಮರುಭೂಮಿಯ ಅಲೆಯಲೆಯಾದ ಮಣ್ಣುರಸ್ತೆಗಳಲ್ಲಿ ಯೂಟ್‌ಗಳ ಚಾಸಿ ಬಾಗುವುದು ಪದೇಪದೇ ವರದಿಯಾಗುವ ಹಾನಿ. ನಾಲ್ಕು ಬಾಗಿಲಿನ ಯೂಟ್‌ಗಳಲ್ಲಿ ಇದರ ಅಪಾಯ ಹೆಚ್ಚು. ಚಾಲಕನ ಕೋಣೆ ಉದ್ದವಾದಷ್ಟೂ ಟ್ರೇ ಹಿಂದಕ್ಕೆ ಸರಿದು, ಅದರ ಹೆಚ್ಚಿನ ಭಾಗ ಆಕ್ಸಲ್‌ನ ಆಚೆಗೆ ಚಾಚುತ್ತದೆ. ಬಾಗುವಿಕೆ ಸಾಮಾನ್ಯವಾಗಿ ಚಾಲಕನ ಕೋಣೆ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಕಾಣಿಸಿಕೊಳ್ಳುತ್ತದೆ. ಕುಸಿದ ಹಿಂಭಾಗವನ್ನು ಎತ್ತಲು ಅಳವಡಿಸುವ ಗಾಳಿಚೀಲಗಳು ಕೆಲವೊಮ್ಮೆ ಸಮಸ್ಯೆಯನ್ನು ಹೆಚ್ಚಿಸುತ್ತವೆ. ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳ ಮೂಲಕ ಭಾರವನ್ನು ಚಾಸಿಯ ಎರಡು ಕಡೆಗೆ ಹಂಚುತ್ತದೆ. ಗಾಳಿಚೀಲವಾದರೋ ಆಕ್ಸಲ್‌ನ ನೇರ ಮೇಲಿನ ಒಂದೇ ಬಿಂದುವನ್ನು ಒತ್ತುತ್ತದೆ. ವಾಹನ ಮಟ್ಟಸವಾಗಿ ಕಾಣುತ್ತದೆಯೇ ಹೊರತು ಅದರ ಮೇಲಿನ ಭಾರ ಕಡಿಮೆಯಾಗಿರುವುದಿಲ್ಲ. ನೀರಿನ ತೊಟ್ಟಿ, ಬ್ಯಾಟರಿ, ಫ್ರಿಜ್ ಇವುಗಳನ್ನು ಚಾಲಕನ ಕೋಣೆಗೆ ತಾಗಿದಂತೆ ತಗ್ಗಿನಲ್ಲಿಟ್ಟು, ಹಾಸಿಗೆಬಟ್ಟೆಯಂತಹ ಹಗುರ ವಸ್ತುಗಳನ್ನು ಹಿಂದಕ್ಕೆ ಸರಿಸುವುದು ಇದಕ್ಕೆ ಖರ್ಚಿಲ್ಲದ ಪರಿಹಾರ.

ಸಾಮಗ್ರಿ ಮತ್ತು ಜೋಡಣೆ

ಟ್ರೇಗಳು ಉಕ್ಕು ಅಥವಾ ಅಲ್ಯೂಮಿನಿಯಂನಿಂದ ತಯಾರಾಗುತ್ತವೆ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಸುಮಾರು ಮೂರನೆಯ ಒಂದು ಭಾಗ. ಆದರೆ ಬಾಗದಿರುವ ಗುಣವೂ ಅಷ್ಟೇ ಕಡಿಮೆ. ಆದ್ದರಿಂದ ದಪ್ಪನೆಯ ಕೊಳವೆ ಮತ್ತು ತಗಡುಗಳನ್ನು ಬಳಸಬೇಕಾಗಿ, ತೂಕದ ಉಳಿತಾಯ ಮೇಲ್ನೋಟಕ್ಕೆ ತೋರುವಷ್ಟು ಇರುವುದಿಲ್ಲ. 6061-ಟಿ6 ಮಿಶ್ರಲೋಹ ಗಟ್ಟಿಯಾದರೂ ಬೆಸುಗೆಯ ಶಾಖ ತಗುಲಿದ ಜಾಗದಲ್ಲಿ ತನ್ನ ಬಲದ ಗಣನೀಯ ಭಾಗವನ್ನು ಕಳೆದುಕೊಳ್ಳುತ್ತದೆ. ಬಿರುಕುಗಳು ಹೆಚ್ಚಾಗಿ ಬೆಸುಗೆಯ ಪಕ್ಕದಲ್ಲಿ ಮೂಡುವುದಕ್ಕೆ ಇದೊಂದು ಕಾರಣ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂಗೆ ನೇರವಾಗಿ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಇದನ್ನು ತಡೆಯಲು ಎರಡರ ನಡುವೆ ರಬ್ಬರ್ ಅಥವಾ ರಕ್ಷಕ ಲೇಪ ಹಾಕುತ್ತಾರೆ.

ಏರುತಗ್ಗಿನ ನೆಲದಲ್ಲಿ ಏಣಿಯಾಕಾರದ ಚಾಸಿ ತಿರುಚಿಕೊಳ್ಳುತ್ತದೆ, ಬಿಗಿಯಾದ ಪೆಟ್ಟಿಗೆ ತಿರುಚಿಕೊಳ್ಳುವುದಿಲ್ಲ. ಹೀಗಾಗಿ ಟ್ರೇಯ ಒಂದು ತುದಿಯನ್ನು ಗಟ್ಟಿಯಾಗಿ ಬಿಗಿದು, ಇನ್ನೊಂದು ತುದಿಗೆ ರಬ್ಬರ್ ಅಥವಾ ಸ್ಪ್ರಿಂಗ್ ಆಸರೆ ಕೊಡುವ ಪದ್ಧತಿಯುಂಟು. ಚಾಲಕನ ಕೋಣೆಗೂ ಟ್ರೇಗೂ ನಡುವೆ ಅಂತರ ಬಿಡುವುದು ಇದೇ ಕಾರಣಕ್ಕೆ.

ಒಳಾಂಗಣ

ದೂಳು ಕ್ಯಾನೊಪಿಯ ನಿತ್ಯವೈರಿ. ಬಾಗಿಲುಗಳಿಗೆ ರಬ್ಬರ್ ಪಟ್ಟಿ ಹಾಕಿದರಷ್ಟೇ ಸಾಲದು; ಓಡುವ ವಾಹನದ ಹಿಂದೆ ಗಾಳಿಯ ಒತ್ತಡ ತಗ್ಗುವುದರಿಂದ ಸಣ್ಣ ಸಂದಿಯೂ ದೂಳನ್ನು ಒಳಗೆಳೆಯುತ್ತದೆ. ಛಾವಣಿಯಲ್ಲಿ ಮುಂದಕ್ಕೆ ಮುಖಮಾಡಿದ, ಸೋಸುಬಟ್ಟೆಯುಳ್ಳ ಗಾಳಿಕಿಂಡಿ ಇಟ್ಟು ಒಳಗಿನ ಒತ್ತಡವನ್ನು ಹೆಚ್ಚಿಸಿದರೆ ದೂಳು ಹೊರಗುಳಿಯುತ್ತದೆ.

ವಿದ್ಯುತ್ತಿಗೆ 12 ವೋಲ್ಟ್ ವ್ಯವಸ್ಥೆ ಸಾಮಾನ್ಯ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಸುಮಾರು 30 ಕೆ.ಜಿ. ತೂಗಿದರೆ, ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕೂ ಕಡಿಮೆ ತೂಗುತ್ತದೆ. ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರಬೇಕು. ಅಲುಗಾಟದಿಂದ ತಂತಿ ಸವೆದು ಲೋಹಕ್ಕೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ ಅಗತ್ಯ. ಕ್ಯಾನೊಪಿಯೊಳಗೆ ಮಲಗುವವರು ಮುಚ್ಚಿದ ಬಾಗಿಲಿನೊಳಗೆ ಒಲೆ ಉರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಕಾನೂನು

ಆಸ್ಟ್ರೇಲಿಯಾದ ವಿನ್ಯಾಸ ನಿಯಮಗಳ ಪ್ರಕಾರ ಇಂತಹ ವಾಹನದ ಹಿಂಚಾಚು ಆಕ್ಸಲ್‌ಗಳ ನಡುವಿನ ಅಂತರದ ಶೇ. 60 ಅಥವಾ 3.7 ಮೀಟರ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. ದೀಪಗಳು ಮತ್ತು ನೋಂದಣಿ ಫಲಕ ಮರೆಯಾಗಬಾರದು. ಜಿವಿಎಂ ಅನ್ನು ಪ್ರಮಾಣೀಕೃತ ಮಾರ್ಪಾಡಿನಿಂದ ಹೆಚ್ಚಿಸಿಕೊಳ್ಳಲು ಅವಕಾಶವಿದೆ. ಮೊದಲ ನೋಂದಣಿಗೆ ಮುನ್ನ ಮಾಡಿದರೆ ಅದು ಕೇಂದ್ರ ಸರ್ಕಾರದ ನಿಯಮಕ್ಕೆ, ಅನಂತರವಾದರೆ ಆಯಾ ರಾಜ್ಯದ ನಿಯಮಕ್ಕೆ ಒಳಪಡುತ್ತದೆ. ಜಿವಿಎಂ ಹೆಚ್ಚಿದ ಮಾತ್ರಕ್ಕೆ ಟ್ರೇಲರ್ ಸಹಿತ ಒಟ್ಟು ತೂಕದ ಮಿತಿ ತಾನಾಗಿ ಹೆಚ್ಚುವುದಿಲ್ಲ. ಮಿತಿಮೀರಿ ಹೇರಿದ ವಾಹನ ಅಪಘಾತಕ್ಕೀಡಾದರೆ ವಿಮಾ ಪರಿಹಾರ ನಿರಾಕರಣೆಯಾಗಬಹುದು.

ಭಾರತದಲ್ಲಿ

ಟೊಯೋಟಾ ಹೈಲಕ್ಸ್ 2022ರಲ್ಲಿ ಭಾರತಕ್ಕೆ ಬಂದಿತು. ಇದರ ಜೋಡಣೆ ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ನಡೆಯುತ್ತದೆ. ಆದರೆ ಆಸ್ಟ್ರೇಲಿಯಾದ ಮಾದರಿಯಲ್ಲಿ ತೊಟ್ಟಿಯನ್ನು ತೆಗೆದು ಟ್ರೇ ಕೂರಿಸುವುದು ಇಲ್ಲಿ ಸುಲಭವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದವುಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ.