ನೇಟಾಲಿನ ಕರಾರು ಕೂಲಿಗಾರರು: ಸಂಬಳ ಮತ್ತು ಉಳಿತಾಯದ ಲೆಕ್ಕ

೧೮೬೦ನೆಯ ಇಸವಿ ನವೆಂಬರ್ ತಿಂಗಳ ೧೬ರಂದು ಮದರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು ಆಫ್ರಿಕ ಖಂಡದ ಆಗ್ನೇಯ ತೀರದ ಡರ್ಬನ್ ಬಂದರನ್ನು ಮುಟ್ಟಿತು. ಅದರಲ್ಲಿದ್ದವರು ಸುಮಾರು ಮುನ್ನೂರ ನಲವತ್ತು ಮಂದಿ. ನೇಟಾಲ್ ವಸಾಹತಿನ ಕಬ್ಬಿನ ತೋಟಗಳಲ್ಲಿ ದುಡಿಯುವುದಾಗಿ ಕರಾರು ಬರೆದುಕೊಟ್ಟು ಬಂದವರು. ಹತ್ತು ದಿನಗಳ ತರುವಾಯ ಕಲ್ಕತ್ತೆಯಿಂದ ‘ಬೆಲ್ವಿಡೀರ್’ ಎಂಬ ಇನ್ನೊಂದು ಹಡಗು ಬಂದಿತು. ಅಂದಿನಿಂದ ೧೯೧೧ರ ವರೆಗೆ ಹೀಗೆ ನೇಟಾಲಿಗೆ ಹೋದವರ ಒಟ್ಟು ಸಂಖ್ಯೆ ೧,೫೨,೧೮೪. ಇವರಲ್ಲಿ ಸರಿಸುಮಾರು ಮೂರರಲ್ಲೆರಡು ಪಾಲು ಜನ ಮದರಾಸಿನ ಮೂಲಕ ಹಡಗು ಹತ್ತಿದವರಾಗಿದ್ದರು. ಬಹುಪಾಲು ಜನರು ತಮಿಳು ಮತ್ತು ತೆಲುಗು ಜಿಲ್ಲೆಗಳವರು. ಆದರೆ ಹಡಗಿನ ಪಟ್ಟಿಗಳಲ್ಲಿ ಮೈಸೂರು, ಬೆಂಗಳೂರುಗಳ ಹೆಸರುಗಳೂ ಅಲ್ಲಲ್ಲಿ ಬರುತ್ತವೆಯಾದ್ದರಿಂದ ಈ ವಿಷಯವು ನಮ್ಮ ನಾಡಿನ ಚರಿತ್ರೆಗೆ ಪೂರ್ಣವಾಗಿ ಹೊರಗಿನದೆನ್ನಲಾಗದು.

ಈ ವಲಸೆಯನ್ನು ಕುರಿತು ಬರೆದವರು ಎರಡು ಪಕ್ಷಗಳಾಗಿ ಒಡೆದಿರುವುದನ್ನು ನಾವು ಕಾಣುತ್ತೇವೆ. ೧೯೭೪ರಲ್ಲಿ ಪ್ರಕಟವಾದ ಹ್ಯೂ ಟಿಂಕರ್ ಅವರ ಗ್ರಂಥವು ಕರಾರು ಪದ್ಧತಿಯನ್ನು ಹೊಸ ಬಗೆಯ ಗುಲಾಮಗಿರಿಯೆಂದೇ ಕರೆದಿತು. ಆ ನೋಟದಲ್ಲಿ ಕೂಲಿಗಾರನು ದಲ್ಲಾಳಿಯ ಬಲೆಗೆ ಬಿದ್ದ ಮುಗ್ಧ. ಇನ್ನೊಂದು ಪಕ್ಷದವರು, ಊರಿನಲ್ಲಿ ದೊರೆಯುವ ಕೂಲಿಗೂ ಸಾಗರದಾಚೆ ದೊರೆಯುವ ಕೂಲಿಗೂ ಇದ್ದ ಅಂತರವನ್ನು ತೋರಿಸಿ, ಕೂಲಿಗಾರನು ತನ್ನ ಹಿತವನ್ನು ತೂಗಿ ನೋಡಿಯೇ ಹೊರಟನೆಂದು ವಾದಿಸುತ್ತಾರೆ. ಈ ವಾದಗಳಲ್ಲಿ ಯಾವುದೊಂದನ್ನೂ ಇಡಿಯಾಗಿ ಒಪ್ಪುವುದು ನಮಗೆ ಸಾಧ್ಯವಾಗಿಲ್ಲ. ಅವನು ಲೆಕ್ಕ ಬಲ್ಲವನಾಗಿರಲಿಲ್ಲವೆಂದು ಹೇಳುವುದು ರೈತನನ್ನು ಕಾಣದವರ ಮಾತು. ಆಣೆ ಪೈಗಳನ್ನು ಅವನಷ್ಟು ಎಚ್ಚರದಿಂದ ಎಣಿಸಿದವರು ಬೇರೆ ಇಲ್ಲ. ಪ್ರಶ್ನೆಯಿರುವುದು ಅವನ ಮುಂದೆ ಇಟ್ಟ ಲೆಕ್ಕ ಎಂಥದು, ಅದರಲ್ಲಿ ಯಾವ ಬಾಬುಗಳು ಇದ್ದುವು, ಯಾವುವು ಇರಲಿಲ್ಲ ಎಂಬಲ್ಲಿ. ಪ್ರಸ್ತುತ ಲೇಖನದಲ್ಲಿ ಈ ಲೆಕ್ಕವನ್ನೇ ಸ್ವಲ್ಪ ವಿವರವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಜಮಾ ಬಾಬು. ನೇಟಾಲಿನ ಕರಾರಿನ ಪ್ರಕಾರ ಗಂಡಾಳಿಗೆ ಮೊದಲನೆಯ ವರ್ಷ ತಿಂಗಳಿಗೆ ೧೦ ಶಿಲಿಂಗು ಸಂಬಳ. ಆಮೇಲೆ ವರ್ಷಕ್ಕೆ ಒಂದೊಂದು ಶಿಲಿಂಗಿನಂತೆ ಏರಿ ಐದನೆಯ ವರ್ಷಕ್ಕೆ ೧೪ ಶಿಲಿಂಗು. ಹೆಂಗಸಿಗೆ ಇದರ ಅರ್ಧ. ವಸತಿ, ವೈದ್ಯಕೀಯ ನೆರವು ಮತ್ತು ಪಡಿ ಮಾಲೀಕನ ಕಡೆಯಿಂದ. ಪಡಿಯಲ್ಲಿ ಅಕ್ಕಿ, ಬೇಳೆ, ಉಪ್ಪುಮೀನು, ಎಣ್ಣೆ, ಉಪ್ಪುಗಳು ಸೇರಿದ್ದುವು. ಹಬ್ಬಹರಿದಿನಗಳಲ್ಲಿ ಮಾತ್ರ ಅಕ್ಕಿಯ ಅನ್ನವನ್ನು ಕಾಣುತ್ತಿದ್ದ ಬಯಲುಸೀಮೆಯ ರಾಗಿಯ ಜನಕ್ಕೆ ನಿತ್ಯವೂ ಅಕ್ಕಿ ಎಂಬ ಮಾತೊಂದೇ ಎಷ್ಟು ಆಕರ್ಷಕವಾಗಿ ಕೇಳಿಸಿರಬಹುದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅಕ್ಕಿಯ ಬದಲಿಗೆ ಎಷ್ಟೋ ಸಲ ಮುಸುಕಿನ ಜೋಳದ ಹಿಟ್ಟು ಸಿಕ್ಕಿತೆಂಬುದು ಹೋದ ಮೇಲೆ ತಿಳಿದ ಸಂಗತಿ.

ಐದು ವರ್ಷಗಳ ಸಂಬಳವನ್ನು ಕೂಡಿದರೆ ೭೨೦ ಶಿಲಿಂಗು, ಅಂದರೆ ೩೬ ಪೌಂಡು. ೧೮೬೦ರ ದಶಕದಲ್ಲಿ ರೂಪಾಯಿಗೆ ಸುಮಾರು ೨ ಶಿಲಿಂಗು ವಿನಿಮಯವಿದ್ದುದರಿಂದ ಇದು ೩೬೦ ರೂಪಾಯಿಗಳಾಗುತ್ತದೆ. ಮೊದಲ ವರ್ಷದ ಮಾಸಿಕ ಸಂಬಳ ೫ ರೂಪಾಯಿ. ಮದರಾಸು ಪ್ರಾಂತದ ಒಣ ಜಿಲ್ಲೆಗಳಲ್ಲಿ ಹೊಲದ ಕೂಲಿ ಆಗ ದಿನಕ್ಕೆ ಎರಡಾಣೆಯ ಆಸುಪಾಸಿನಲ್ಲಿತ್ತು; ಅದೂ ಬಹುಮಟ್ಟಿಗೆ ಧಾನ್ಯರೂಪದಲ್ಲಿ, ಕೆಲಸವಿದ್ದ ದಿನಗಳಲ್ಲಿ ಮಾತ್ರ. ತಿಂಗಳಿಗೆ ಇಪ್ಪತ್ತು ದಿನ ಕೆಲಸ ದೊರೆಯಿತೆಂದು ಇಟ್ಟುಕೊಂಡರೂ ಎರಡೂವರೆ ರೂಪಾಯಿ. ಊಟ ಅದರಲ್ಲಿಯೇ ನಡೆಯಬೇಕು. ಹೀಗಿರುವಾಗ ಊಟ ಕಳೆದು ಐದು ರೂಪಾಯಿ ಕೈಗೆ ಬರುವ ಮಾತು ಯಾವನಿಗಾದರೂ ಲಾಭವಾಗಿಯೇ ತೋರಬೇಕು. ೧೮೭೬ರಿಂದ ೧೮೭೮ರ ವರೆಗಿನ ಮಹಾ ಕ್ಷಾಮದಲ್ಲಿ ಈ ತುಲನೆ ಇನ್ನೂ ಕ್ರೂರವಾಯಿತು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಮದರಾಸಿನ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ರಾತ್ತಲು ಧಾನ್ಯ ಮತ್ತು ಒಂದು ಆಣೆ ಎಂದು ಗೊತ್ತುಪಡಿಸಿದನು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದುದು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಆ ವರ್ಷಗಳಲ್ಲಿ ಮದರಾಸಿನ ಬಂದರುಗಳಿಂದ ಹೊರಹೋದವರ ಸಂಖ್ಯೆ ಏರಿತೆಂದರೆ, ಅವರು ಸಂಬಳವನ್ನು ತೂಗಿ ನೋಡಿ ಹೋದರೆಂದು ಹೇಳುವುದು ಮಾತಿನ ದುರುಪಯೋಗವೇ ಸರಿ.

ಆದರೆ ಎಲ್ಲರೂ ಕ್ಷಾಮದಲ್ಲಿ ಹೋದವರಲ್ಲ. ಒಳ್ಳೆಯ ಮಳೆ ಬಂದ ವರ್ಷಗಳಲ್ಲಿಯೂ ಹಡಗುಗಳು ತುಂಬಿದುವು. ಹೋಗಬಯಸುವವನಿಗೆ ಬೇರೆ ದಾರಿಗಳೂ ಇದ್ದುವು: ಸಿಂಹಳದ ತೋಟಗಳು, ಬರ್ಮ, ಮಲಯ, ಇನ್ನೂ ಹತ್ತಿರದಲ್ಲಿ ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳು, ೧೮೮೦ರ ದಶಕದಿಂದ ಮುಂದೆ ಕೋಲಾರದ ಚಿನ್ನದ ಗಣಿಗಳು. ನೇಟಾಲಿಗೆ ಹೆಚ್ಚು ಜನರನ್ನು ಕಳುಹಿಸಿದ ಉತ್ತರ ಆರ್ಕಾಟು ಜಿಲ್ಲೆಯೇ ಕೋಲಾರದ ಗಣಿಗಳಿಗೂ ಜನರನ್ನು ಒದಗಿಸಿತೆಂಬ ಅಂಶವು ಗಮನಾರ್ಹ. ಕೋಲಾರಕ್ಕೆ ಹೋದವನು ಸುಗ್ಗಿಗೆ ಊರಿಗೆ ಬರಬಹುದಿತ್ತು. ಸಾಲಕ್ಕೆ, ಮದುವೆಗೆ, ಸಾವಿಗೆ ಬರಬಹುದಿತ್ತು. ನೇಟಾಲಿಗೆ ಹೋದವನಿಗೆ ಮಾಲೀಕನ ಚೀಟಿಯಿಲ್ಲದೆ ತೋಟದ ಎಲ್ಲೆಯನ್ನು ದಾಟುವುದೂ ಅಪರಾಧ. ಇಂಥದು ಸಂಬಳದ ಲೆಕ್ಕದಲ್ಲಿ ಬರುವ ಬಾಬಲ್ಲ.

ಈಗ ಖರ್ಚಿನ ಕಡೆಗೆ ಬರೋಣ. ಮೊದಲ ದಶಕಗಳಲ್ಲಿ ಕೆಲಸಕ್ಕೆ ಬಾರದ ಒಂದೊಂದು ದಿನಕ್ಕೂ ಎರಡೆರಡು ದಿನಗಳ ಸಂಬಳವನ್ನು ಕಡಿಯುವ ರೂಢಿ ಇತ್ತು. ತಿಂಗಳಿಗೆ ೨೬ ಕೆಲಸದ ದಿನಗಳೆಂದರೆ, ಮೂರು ದಿನ ತಪ್ಪಿದವನಿಗೆ ಆರು ದಿನಗಳ ಕಡಿತ; ಸಂಬಳದ ನಾಲ್ಕರಲ್ಲೊಂದು ಭಾಗಕ್ಕೆ ಸಮೀಪ. ಜ್ವರದಿಂದ ಮಲಗಿದವನಿಗೂ ಹೀಗೆಯೇ ಕಡಿದ ದೂರುಗಳುಂಟು. ಕರಾರನ್ನು ಮುರಿಯುವುದು ಸಿವಿಲ್ ವ್ಯಾಜ್ಯವಾಗಿರದೆ ದಂಡನಾರ್ಹ ಅಪರಾಧವಾಗಿದ್ದುದರಿಂದ ಸೆರೆಮನೆಯ ಭಯವೂ ಇದಕ್ಕೆ ಸೇರಿತ್ತು. ಹತ್ತು ವರ್ಷಗಳನ್ನು ಮುಗಿಸಿ ೧೮೭೧ರಲ್ಲಿ ಮದರಾಸಿಗೆ ಹಿಂತಿರುಗಿದ ಮೊದಲ ತಂಡದವರು ಚಾಟಿಯೇಟು, ತಡೆಹಿಡಿದ ಸಂಬಳ, ಅನ್ಯಾಯದ ಕಡಿತ ಇವುಗಳನ್ನು ಅಧಿಕಾರಿಗಳ ಮುಂದೆ ಬಿಚ್ಚಿಟ್ಟರು. ಈ ಘಟನೆಗೆ ಸಾಕಷ್ಟು ಮಹತ್ವ ದೊರೆತಿಲ್ಲವೆಂದು ನಮ್ಮ ಅಭಿಪ್ರಾಯ. ನೇಟಾಲಿನ ಆರ್ಥಿಕ ಕುಸಿತದ ದೆಸೆಯಿಂದ ೧೮೬೬ರಲ್ಲಿ ನಿಂತಿದ್ದ ವಲಸೆಯನ್ನು ಮತ್ತೆ ತೆರೆಯಲು ಭಾರತ ಸರ್ಕಾರವು ಒಪ್ಪದೆ ಹೋದುದು ಈ ಬಡವರ ಮಾತಿನ ಮೇಲೆ. ನೇಟಾಲ್ ಸರ್ಕಾರವು ೧೮೭೨ರಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿ, ಕೂಲಿಗಾರರ ರಕ್ಷಕನೆಂಬ ಅಧಿಕಾರಿಯನ್ನು ಇಟ್ಟ ಬಳಿಕ, ೧೮೭೪ರಲ್ಲಿ ಹಡಗುಗಳು ಮತ್ತೆ ಹೊರಟುವು.

ಇನ್ನೊಂದು ಬಾಬು ವಿನಿಮಯ ದರದ್ದು. ಬೆಳ್ಳಿಯ ಬೆಲೆ ಜಗತ್ತಿನಲ್ಲೆಲ್ಲ ಇಳಿದಂತೆ ರೂಪಾಯಿಯ ಬೆಲೆಯೂ ಇಳಿಯಿತು. ೧೮೯೩ರಲ್ಲಿ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಲಾಯಿತು. ಮರುವರ್ಷ ರೂಪಾಯಿ ಹದಿಮೂರು ಪೆನ್ಸಿನ ಹತ್ತಿರಕ್ಕೆ ಕುಸಿಯಿತು. ಶತಮಾನದ ಕೊನೆಗೆ ೧ ಶಿಲಿಂಗು ೪ ಪೆನ್ಸಿನಲ್ಲಿ ನೆಲೆನಿಂತಿತು. ಆದ್ದರಿಂದ ೧೮೬೦ರಲ್ಲಿ ೩೬೦ ರೂಪಾಯಿಯಾಗಿದ್ದ ೩೬ ಪೌಂಡು ೧೯೦೦ರಲ್ಲಿ ೫೪೦ ರೂಪಾಯಿಯಾಯಿತು. ನೇಟಾಲಿನ ತೋಟಗಾರನು ಒಂದು ಪೆನ್ಸನ್ನೂ ಹೆಚ್ಚಿಸಲಿಲ್ಲ. ಹತ್ತು ಶಿಲಿಂಗಿನ ಆರಂಭದ ಸಂಬಳ ಐವತ್ತು ವರ್ಷ ಅಲುಗದೆ ನಿಂತಿತು. ಹೀಗಿದ್ದರೂ ಮದರಾಸಿನಲ್ಲಿ ಕುಳಿತು ರೂಪಾಯಿಯಲ್ಲಿ ಎಣಿಸುವವನಿಗೆ ಸಂಬಳ ಏರಿದಂತೆಯೇ ಕಂಡಿತು. ಈ ಅವಧಿಯಲ್ಲಿ ಊರಿನಲ್ಲಿ ಧಾನ್ಯದ ಬೆಲೆಯೂ ಏರಿದುದನ್ನು ನೆನೆದರೆ ಈ ಲಾಭದ ಎಷ್ಟೋ ಭಾಗ ಕರಗುತ್ತದೆ. ಕೊಲ್ಲಿಯ ದೇಶಗಳಲ್ಲಿ ದುಡಿದು ದಕ್ಷಿಣ ಕನ್ನಡದ ಮನೆಗಳಿಗೆ ಹಣ ಕಳುಹಿಸುವವರು ನಮ್ಮ ಕಾಲದಲ್ಲಿಯೂ ವಿನಿಮಯ ದರವನ್ನು ಪಂಚಾಂಗದಂತೆ ನೋಡುತ್ತಾರೆ. ದರವನ್ನು ತಿಳಿಯುವ ಸೌಕರ್ಯ ಅವರಿಗಿದೆ; ಕರಾರು ಕೂಲಿಗಾರನಿಗೆ ಇರಲಿಲ್ಲ.

ಉಳಿತಾಯವಾದುದು ಯಾರಿಗೆ? ಕರಾರಿನ ಐದು ವರ್ಷಗಳಲ್ಲಿ ಕೂಡಿಟ್ಟವರು ಇಲ್ಲದಿಲ್ಲ; ಬೆಳ್ಳಿಯ ಒಡವೆಯಾಗಿ ಹೆಂಡತಿಯ ಮೈಮೇಲೆ ಉಳಿಸಿದವರು ಉಂಟು. ಆದರೆ ನಿಜವಾದ ಏಳಿಗೆಯನ್ನು ಕಂಡವರು ಕರಾರು ಮುಗಿಸಿ ಸ್ವತಂತ್ರರಾಗಿ ಅಲ್ಲಿಯೇ ನಿಂತವರು. ಡರ್ಬನ್ನಿನ ಸುತ್ತ ನೆಲವನ್ನು ಗೇಣಿಗೆ ಹಿಡಿದು ತರಕಾರಿ, ಮುಸುಕಿನ ಜೋಳ, ತಂಬಾಕುಗಳನ್ನು ಬೆಳೆದರು, ಹೊತ್ತು ಮಾರಿದರು, ಕೆಲವರು ಮೀನು ಹಿಡಿದರು, ಕೆಲವರು ರೈಲ್ವೆಯಲ್ಲಿ, ಕಲ್ಲಿದ್ದಲ ಗಣಿಯಲ್ಲಿ ದುಡಿದರು. ೧೮೮೫ರಿಂದ ೧೮೮೭ರ ವರೆಗೆ ವಿಚಾರಣೆ ನಡೆಸಿದ ವ್ರ್ಯಾಗ್ ಆಯೋಗವು ಈ ಸ್ವತಂತ್ರ ಭಾರತೀಯರಿಂದ ವಸಾಹತಿಗೆ ಆದ ಉಪಕಾರವನ್ನು ಬರೆದಿಟ್ಟಿತು. ಹಿಂತಿರುಗುವ ಉಚಿತ ಪ್ರಯಾಣದ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಅದರ ಬೆಲೆಯಷ್ಟು ಸರ್ಕಾರೀ ಭೂಮಿಯನ್ನು ಕೊಡುವ ಕಲಮು ಕಾನೂನಿನಲ್ಲಿತ್ತು. ಪಡೆದವರು ಬಹು ಸ್ವಲ್ಪ ಮಂದಿ; ೧೮೯೧ರಲ್ಲಿ ಆ ಕಲಮೂ ರದ್ದಾಯಿತು.

ಕೂಲಿಗಾರನು ಎಷ್ಟೇ ಜಾಣನಾಗಿದ್ದರೂ ಎಣಿಸಲಾಗದಿದ್ದ ಬಾಬು ಇದೇ: ಕಾನೂನು ಬದಲಾಗುವ ಸಂಭವ. ೧೮೯೩ರಲ್ಲಿ ನೇಟಾಲಿಗೆ ಸ್ವಯಮಾಡಳಿತ ದೊರೆಯಿತು. ತೋಟಕ್ಕೆ ಕೂಲಿಗಾರನು ಬೇಕು, ಪೇಟೆಯಲ್ಲಿ ಸ್ಪರ್ಧಿಯು ಬೇಡ ಎಂಬುದು ಅಲ್ಲಿಯ ಬಿಳಿಯರ ನಿಲುವಾಗಿದ್ದಿತು. ಕರಾರು ಮುಗಿಸಿ ನಿಲ್ಲುವವರ ಮೇಲೆ ವರ್ಷಕ್ಕೆ ೨೫ ಪೌಂಡು ತೆರಿಗೆ ವಿಧಿಸಬೇಕೆಂದು ಅವರು ಕೋರಿದರು. ವೈಸರಾಯ್ ಲಾರ್ಡ್ ಎಲ್ಗಿನ್ ಅದಕ್ಕೆ ಒಪ್ಪದೆ ೩ ಪೌಂಡಿಗೆ ಒಪ್ಪಿದನು. ಇಪ್ಪತ್ತೈದನ್ನು ಮೂರಕ್ಕೆ ಇಳಿಸಿದುದು ಔದಾರ್ಯವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಐದನೆಯ ವರ್ಷದ ದರದಲ್ಲಿ, ತಿಂಗಳಿಗೆ ೧೪ ಶಿಲಿಂಗಿನಂತೆ, ವರ್ಷದ ಸಂಬಳ ೧೬೮ ಶಿಲಿಂಗು. ಮೂರು ಪೌಂಡೆಂದರೆ ೬೦ ಶಿಲಿಂಗು, ಮೂರರಲ್ಲೊಂದಕ್ಕೂ ಹೆಚ್ಚು. ಹೆಂಡತಿಯ ತಲೆಗೂ ೩ ಪೌಂಡು. ೧೯೦೩ರ ಕಾನೂನು ಹದಿನಾರು ತುಂಬಿದ ಗಂಡುಮಕ್ಕಳನ್ನೂ ಹದಿಮೂರು ತುಂಬಿದ ಹೆಣ್ಣುಮಕ್ಕಳನ್ನೂ ಸೇರಿಸಿತು. ನಾಲ್ವರ ಸಂಸಾರಕ್ಕೆ ಹೀಗೆ ೧೨ ಪೌಂಡು, ಎಂದರೆ ೨೪೦ ಶಿಲಿಂಗು. ಯಜಮಾನನ ಇಡೀ ವರ್ಷದ ಸಂಬಳಕ್ಕಿಂತ ೭೨ ಶಿಲಿಂಗು ಹೆಚ್ಚು. ತೆರಿಗೆ ಕೊಡಲಾರದವನಿಗೆ ಎರಡೇ ದಾರಿ: ಹಿಂತಿರುಗುವುದು, ಇಲ್ಲವೆ ಮತ್ತೆ ಕರಾರಿಗೆ ಸಹಿ ಹಾಕುವುದು. ತೆರಿಗೆಯ ಉದ್ದೇಶವು ಬೊಕ್ಕಸ ತುಂಬುವುದಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೧೮೯೫ರ ಕಾನೂನು ಆಮೇಲೆ ಬಂದವರಿಗೆ ಅನ್ವಯಿಸಿತಾದ್ದರಿಂದ ಅದರ ಭಾರ ೧೯೦೧ರ ಸುಮಾರಿಗೆ ಬೀಳತೊಡಗಿತು. ಗೋಪಾಲಕೃಷ್ಣ ಗೋಖಲೆಯವರು ೧೯೧೦ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಮಂಡಿಸಿದ ಗೊತ್ತುವಳಿಯ ಫಲವಾಗಿ ೧೯೧೧ರ ಜುಲೈ ೧ರಿಂದ ನೇಟಾಲಿಗೆ ಕರಾರು ವಲಸೆ ನಿಂತಿತು. ಆದರೆ ತೆರಿಗೆ ಹಾಗೆಯೇ ಇದ್ದಿತು. ೧೯೧೨ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ಗೋಖಲೆಯವರು ಅದು ರದ್ದಾಗುವುದೆಂಬ ಭರವಸೆ ದೊರೆಯಿತೆಂದು ನಂಬಿ ಬಂದರು, ರದ್ದಾಗಲಿಲ್ಲ. ೧೯೧೩ರ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ಸುತ್ತಿನ ಕಲ್ಲಿದ್ದಲ ಗಣಿಗಳಲ್ಲಿ ಮೊದಲಾದ ಮುಷ್ಕರ ಕರಾವಳಿಯ ಕಬ್ಬಿನ ತೋಟಗಳಿಗೆ ಹಬ್ಬಿತು. ಗಾಂಧೀಜಿಯವರ ಸತ್ಯಾಗ್ರಹದ ಚರಿತ್ರೆಯಲ್ಲಿ ಇದು ಪ್ರಸಿದ್ಧವಾದ ಅಧ್ಯಾಯ, ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೯೧೪ರ ಕಾನೂನು ತೆರಿಗೆಯನ್ನೂ ಅದರ ಬಾಕಿಯನ್ನೂ ತೊಡೆದುಹಾಕಿತು.

ತರುವಾಯ ನಡೆದುದು ವಿಚಿತ್ರ. ಕರೆದು ತಂದವರನ್ನು ಹಣ ಕೊಟ್ಟು ಕಳುಹಿಸುವ ಕಾರ್ಯ ಮೊದಲಾಯಿತು. ೧೯೨೭ರ ಕೇಪ್‌ಟೌನ್ ಒಪ್ಪಂದದ ಪ್ರಕಾರ, ಭಾರತಕ್ಕೆ ಮರಳುವ ವಯಸ್ಕನಿಗೆ ಪ್ರಯಾಣವೆಚ್ಚದ ಜೊತೆಗೆ ೨೦ ಪೌಂಡು, ಮಗುವಿಗೆ ೧೦ ಪೌಂಡು. ಆಗ ರೂಪಾಯಿಗೆ ೧ ಶಿಲಿಂಗು ೬ ಪೆನ್ಸಿನ ದರವಿದ್ದುದರಿಂದ ಇಪ್ಪತ್ತು ಪೌಂಡೆಂದರೆ ೨೬೬ ರೂಪಾಯಿ ೧೦ ಆಣೆ ೮ ಪೈ. ಅವರ ತಂದೆಯರಿಗೆ ಐದು ವರ್ಷಕ್ಕೆ ತೋರಿಸಿದ್ದ ಮೊತ್ತಕ್ಕಿಂತ ಕಡಿಮೆ. ಮರಳಿದವರಲ್ಲಿ ಎಷ್ಟೋ ಜನ ನೇಟಾಲಿನಲ್ಲಿಯೇ ಹುಟ್ಟಿ ಬೆಳೆದವರು. ಅಂಥವರಿಗೆ ತಂದೆಯ ಊರು ಕೇಳಿದ ಹೆಸರು ಮಾತ್ರ. ಜಾತಿಯವರು ಸೇರಿಸಲಿಲ್ಲ, ಕೂಲಿಯ ದರ ಸಾಲಲಿಲ್ಲ, ನೀರು ಹವೆ ಒಗ್ಗಲಿಲ್ಲ. ಜೊಹಾನ್ಸ್‌ಬರ್ಗಿನಲ್ಲಿ ಕರಾರು ಕೂಲಿಗಾರರ ಮಗನಾಗಿ ಹುಟ್ಟಿದ ಭವಾನಿ ದಯಾಳ ಸಂನ್ಯಾಸಿಯವರೂ ಬನಾರಸೀದಾಸ ಚತುರ್ವೇದಿಯವರೂ ೧೯೩೧ರಲ್ಲಿ ಪ್ರಕಟಿಸಿದ ವರದಿಯು ಹೀಗೆ ಮರಳಿದವರ ಸಂಕಟವನ್ನು ದಾಖಲಿಸಿ, ಈ ಯೋಜನೆಯನ್ನು ಖಂಡಿಸಿತು. ಒಪ್ಪಂದದಲ್ಲಿ ಇನ್ನೊಂದು ಷರತ್ತಿತ್ತು: ಮರಳಿದವನು ಮೂರು ವರ್ಷಗಳೊಳಗೆ ಮನಸ್ಸು ಬದಲಿಸಿ ದಕ್ಷಿಣ ಆಫ್ರಿಕಕ್ಕೆ ಹೋಗಬಯಸಿದರೆ ಹೋಗಬಹುದು, ಆದರೆ ಪಡೆದ ಬೋನಸ್ಸನ್ನೂ ಪ್ರಯಾಣದ ವೆಚ್ಚವನ್ನೂ ಮೊದಲು ಹಿಂದಕ್ಕೆ ಕಟ್ಟಬೇಕು.